ನಾಯಿ ಜೊತೆ ದೋಣಿಯಲ್ಲಿ ಮೂರು ವಾರ: ದಡದ ಜನ ಹತ್ತಿರ ಸೇರಿಸುತ್ತಾರಾ?

ಗುಂಡನ ಜೊತೆಗಾರ್ತಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮೂರು ವಾರ ರಜೆ ಸಿಕ್ಕಿದೆ. ನನ್ನ ಹತ್ತಿರ ಆರು ಮೀಟರ್ ಉದ್ದದ ಒಂದು ಹಳೆಯ ಬೋಟ್ ಇದೆ. ಒಳಗೆ ಇಬ್ಬರು ಮಲಗುವಷ್ಟು ಜಾಗ, ಹಿಂದೆ ಸಣ್ಣ ಎಂಜಿನ್. ನದಿ ಹಿಡಿದು ಕೆಳಗೆ ಹೋಗಿ, ಕಾಲುವೆಗೆ ತಿರುಗಿ, ನೀರು ಏರಿಸಿ ಇಳಿಸಿ ದೋಣಿ ದಾಟಿಸುವ ಲಾಕ್ ಗೇಟ್‌ಗಳನ್ನು ದಾಟಿಕೊಂಡು ವಾಪಸ್ ಬರುವ ಯೋಚನೆ. ನಾನೊಬ್ಬಳೇ, ಜೊತೆಗೆ ಗುಂಡ.

ಗುಂಡನಿಗೆ ನಾಲ್ಕು ವರ್ಷ, 14 ಕಿಲೋ ತೂಕ. ತಳಿ ಯಾವುದು ಅಂತ ಹೇಳುವುದು ಕಷ್ಟ. ಈಜು ಬರುತ್ತದೆ, ಆದರೆ ನೀರಿನ ಮೇಲೆ ಅಂಥ ಆಸೆಯೇನೂ ಇಲ್ಲ. ಎರಡು ಸಲ ಅರ್ಧರ್ಧ ಗಂಟೆ ದೋಣಿಯಲ್ಲಿ ಕೂರಿಸಿದ್ದೇನೆ. ಮೊದಲ ಸಲ ತುಂಬಾ ಜೊಲ್ಲು ಸುರಿಸಿದ. ಎರಡನೇ ಸಲ ಮಲಗಿಬಿಟ್ಟ.

ಸುರಕ್ಷತೆ ವಿಷಯದಲ್ಲಿ ನಾನು ಮರೆತದ್ದೇನಾದರೂ ಇರಬಹುದು, ಹೇಳಿ. ಆದರೆ ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಜನರದ್ದು. ನಾನು ಸ್ವಲ್ಪ ಸಂಕೋಚದವಳು. ಗುರುತು ಪರಿಚಯ ಇಲ್ಲದ ಕಡೆ ದೋಣಿ ಕಟ್ಟಿ, ನಾಯಿ ಇಳಿಸಿಕೊಂಡು ನಡೆದರೆ ಜನ ಮುಖ ತಿರುಗಿಸುತ್ತಾರಾ? ಹೆದರುವ ಮಕ್ಕಳಿದ್ದರೆ ಏನು ಮಾಡುವುದು? ಗುಂಡನನ್ನು ಯಾರ ಹತ್ತಿರವಾದರೂ ಬಿಟ್ಟು ಹೋಗುವುದೇ ಒಳ್ಳೆಯದಾ? ಹೀಗೆ ಹೋಗಿ ಬಂದವರು ಇದ್ದರೆ ದಯವಿಟ್ಟು ಹೇಳಿ.

---

ಲಂಗರು

ಬಿಟ್ಟು ಹೋಗಬೇಡಿ, ಕರೆದುಕೊಂಡು ಹೋಗಿ. ಸುರಕ್ಷತೆಯದ್ದು ಮಾತ್ರ ನಾನು ಹೇಳುತ್ತೇನೆ.

ಈಜು ಬರುವ ನಾಯಿಗೂ ಲೈಫ್ ಜಾಕೆಟ್ ಬೇಕು. ಈಜುವ ನಾಯಿಯೂ ಸುಸ್ತಾಗುತ್ತದೆ, ದೋಣಿಯ ಪಕ್ಕ ನುಣ್ಣಗಿರುವುದರಿಂದ ತಾನಾಗಿ ಹತ್ತಿ ಬರಲು ಆಗುವುದಿಲ್ಲ. ಬೆನ್ನ ಮೇಲೆ ಗಟ್ಟಿ ಹಿಡಿ ಇರುವ ಜಾಕೆಟ್ ತೆಗೆದುಕೊಳ್ಳಿ. ನಾಯಿ ನೀರಿಗೆ ಬಿದ್ದರೆ ಮೊದಲು ಎಂಜಿನ್ ಬಂದ್ ಮಾಡಿ. ನ್ಯೂಟ್ರಲ್ ಸಾಲದು, ಪೂರ್ತಿ ಬಂದ್. ಪ್ರೊಪೆಲ್ಲರ್ ಮಾಡುವ ಗಾಯ ನೀರಿಗಿಂತ ಕೆಟ್ಟದ್ದು. ಕೊರಳಪಟ್ಟಿಗೆ ಹಗ್ಗ ಹಾಕಿ ದೋಣಿಗೆ ಕಟ್ಟಲೇಬೇಡಿ. ಜಾರಿ ಹೊರಗೆ ಬಿದ್ದರೆ ನೇತಾಡಿಬಿಡುತ್ತದೆ. ಕಟ್ಟಲೇಬೇಕಾದರೆ ಎದೆ ಸುತ್ತುವ ಹಾರ್ನೆಸ್‌ಗೆ ಕಟ್ಟಿ, ಹಗ್ಗ ಅಂಚಿನ ತನಕ ಮುಟ್ಟದಷ್ಟು ಗಿಡ್ಡ ಇರಲಿ.

ಬಿಸಿಲಿಗೆ ಡೆಕ್ ಕಾಯುತ್ತದೆ. ಹಿಂಗೈ ಇಟ್ಟು ನೋಡಿ. ನಿಮಗೆ ಏಳು ಸೆಕೆಂಡ್ ಇಡಲು ಆಗದಿದ್ದರೆ ಅವನ ಪಾದಕ್ಕೂ ಆಗುವುದಿಲ್ಲ. ಕುಡಿಯುವ ನೀರು ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 60 ಮಿಲಿ ಲೆಕ್ಕ. ಗುಂಡನಿಗೆ 700ರಿಂದ 840 ಮಿಲಿ ಆಯಿತು. ಸೆಕೆಯಲ್ಲಿ ಇದಕ್ಕಿಂತ ಜಾಸ್ತಿ ಬೇಕು.

---

ಬೆಳ್ಳಿ ಜೊತೆ ಹುಟ್ಟು ಹಾಕುವವ

ಲಂಗರು ಅವರು ಹೇಳಿದ್ದೆಲ್ಲ ಸರಿ. ಜನರ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ನಾನೂ ನಿಮ್ಮ ಹಾಗೇ ಸಂಕೋಚದವನು. ಬೆಳ್ಳಿ ಜೊತೆ ಏಳು ಬೇಸಿಗೆ ದೋಣಿಯಲ್ಲಿ ಕಳೆದಿದ್ದೇನೆ. ಅವಳು 18 ಕಿಲೋ, ಕಪ್ಪು ಮೈ, ಎದೆ ಮೇಲೆ ಬಿಳಿ ಮಚ್ಚೆ.

ಬೆಳ್ಳಿ ಬರುವ ಮೊದಲು ಎರಡು ವರ್ಷ ನಾನು ಒಬ್ಬನೇ ಓಡಾಡಿದ್ದೆ. ಸಂಜೆ ಯಾವುದೋ ಮರಕ್ಕೆ ದೋಣಿ ಕಟ್ಟುವುದು, ಅಡುಗೆ ಮಾಡುವುದು, ಮಲಗುವುದು, ಬೆಳಗ್ಗೆ ಹೊರಡುವುದು. ಹತ್ತು ದಿನದಲ್ಲಿ ಮೂರು ಜನರ ಜೊತೆ ಮಾತಾಡಿದ್ದರೆ ಜಾಸ್ತಿ. ನಾಯಿ ಬಂದ ಮೇಲೆ ಅದು ನಡೆಯುವುದಿಲ್ಲ. ದಿನಕ್ಕೆ ಕಡಿಮೆ ಅಂದರೂ ಮೂರು ಸಲ ದಡಕ್ಕೆ ಇಳಿಯಲೇಬೇಕು. ಇಳಿದರೆ ನಡೆಯಬೇಕು. ನಡೆದರೆ ಯಾರಾದರೂ ಸಿಗುತ್ತಾರೆ. ಸಿಕ್ಕವರು ನೀವು ಯಾರು ಅಂತ ಕೇಳುವುದಿಲ್ಲ, "ಹೆಸರೇನು?" ಅಂತ ಕೇಳುತ್ತಾರೆ, ನಾಯಿಯನ್ನು ನೋಡಿಕೊಂಡು. ಅಲ್ಲಿಂದ ಮಾತು ಶುರು. ನೀವು ಏನೂ ಯೋಚನೆ ಮಾಡಿ ಹೇಳಬೇಕಾಗಿಲ್ಲ.

ಮೊದಲ ವರ್ಷ ಒಂದು ಸಂಜೆ. ಒಬ್ಬ ವಯಸ್ಸಾದ ಮೀನುಗಾರರು ಬಲೆ ಬಿಡಿಸುತ್ತಾ ಕೂತಿದ್ದರು. ಬೆಳ್ಳಿ ಹೋಗಿ ಅವರ ಬುಟ್ಟಿ ಮೂಸಿದಳು. ಬೈಯುತ್ತಾರೆ ಅಂದುಕೊಂಡು ನಾನು ಬೆಲ್ಟ್ ಎಳೆದೆ. ಅವರು "ಇರಲಿ ಬಿಡಿ" ಅಂದು ಅವಳ ಕಿವಿಯ ಹಿಂದೆ ಕೈ ಇಟ್ಟರು. ಆ ಬೆರಳುಗಳಿಗೆ ಮೀನಿನ ಹುರುಪೆ ಅಂಟಿತ್ತು, ಹೆಬ್ಬೆರಳಿನ ಮೇಲೆ ದಾರ ಕೊಯ್ದು ಕೊಯ್ದು ಬಿಳಿ ಗೆರೆ ಬಿದ್ದಿತ್ತು. ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಬೆಳ್ಳಿ ಅವರ ಮೊಣಕಾಲಿಗೆ ಒರಗಿ ಕೂತುಬಿಟ್ಟಳು. ಆಮೇಲೆ ಅವರು, "ನಮ್ಮದು ಹೋಗಿ ಎಂಟು ತಿಂಗಳಾಯಿತು" ಅಂದರು. ಹದಿಮೂರು ವರ್ಷ ಅವರ ದೋಣಿಯ ಮುಂದಿನ ತುದಿಯಲ್ಲೇ ಕೂರುತ್ತಿತ್ತಂತೆ.

ಕತ್ತಲಾಗುವ ಹೊತ್ತಿಗೆ ಅವರೇ ಕೇಳಿದರು, ನಾಳೆ ಯಾವ ಕಡೆ ಅಂತ. ಕೆಳಗೆ ಅಂದೆ. ಮುಂದಿನ ತಿರುವಿನಲ್ಲಿ ಒಳ ಅಂಚು ಹಿಡಿದು ಹೋಗು ಅಂದರು. ನನಗೆ ಆಶ್ಚರ್ಯ. ನದಿ ತಿರುಗುವ ಕಡೆ ಹೊರ ಅಂಚಿನಲ್ಲೇ ನೀರು ಆಳ ಅಲ್ವಾ? ಸೆಳೆತ ಅಲ್ಲಿ ಜೋರು, ದಡ ಕೊರೆಯುತ್ತದೆ. ಒಳ ಅಂಚಿನಲ್ಲಿ ನೀರು ನಿಧಾನ, ಮರಳು ಕೂರುತ್ತದೆ. ನಾವೆಲ್ಲ ಕಲಿತದ್ದೇ ಅದು. ಅವರು ಹೇಳಿದ್ದು: ಹೋದ ನೆರೆಯಲ್ಲಿ ಹೊರ ದಡದ ದೊಡ್ಡ ಮರ ಬೇರು ಸಮೇತ ಉರುಳಿ ನೀರೊಳಗೆ ಮಲಗಿದೆ, ಮೇಲಿಂದ ಕಾಣುವುದಿಲ್ಲ. ಬೆಳಗ್ಗೆ ಎಂಜಿನ್ ಎತ್ತಿಕೊಂಡು, ಹುಟ್ಟು ಹಾಕಿಕೊಂಡು ಒಳ ಅಂಚಿನಲ್ಲಿ ಹೋದೆ. ದಾಟುವಾಗ ನೋಡಿದೆ, ಆ ಕಡೆ ನೀರು ಒಂದೇ ಜಾಗದಲ್ಲಿ ಉಬ್ಬಿ ಉಬ್ಬಿ ಹೋಗುತ್ತಿತ್ತು. ನನ್ನ ನಕ್ಷೆಯಲ್ಲಿ ಆ ಮರ ಇರಲಿಲ್ಲ. ಬೆಳ್ಳಿ ಆ ಬುಟ್ಟಿ ಮೂಸದಿದ್ದರೆ ನಾನು ಆ ಮನುಷ್ಯರಿಗೆ ತಲೆ ಬಾಗಿಸಿ ಮುಂದೆ ಹೋಗುತ್ತಿದ್ದೆ.

ಹೆದರುವವರ ವಿಷಯ. ಇದ್ದೇ ಇರುತ್ತಾರೆ, ಅವರ ಹೆದರಿಕೆಗೆ ಗೌರವ ಕೊಡಬೇಕು. "ಏನೂ ಮಾಡಲ್ಲ, ಹೆದರಬೇಡಿ" ಅನ್ನುವ ಮಾತನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಅದರಿಂದ ಯಾರ ಹೆದರಿಕೆಯೂ ಹೋದದ್ದನ್ನು ನಾನು ನೋಡಿಲ್ಲ. ದಾರಿ ಬಿಟ್ಟು ಪಕ್ಕಕ್ಕೆ ಸರಿದು ಬೆಳ್ಳಿಯನ್ನು ಕೂರಿಸುತ್ತೇನೆ, ನಾನು ಅವಳಿಗೂ ಅವರಿಗೂ ನಡುವೆ ನಿಲ್ಲುತ್ತೇನೆ. ಅಷ್ಟೇ. ಒಂದು ಕಡೆ ಏಳೆಂಟು ವರ್ಷದ ಹುಡುಗಿ ಮೂರು ದಿನ ದೂರದಿಂದಲೇ ನೋಡುತ್ತಿದ್ದಳು (ಎಂಜಿನ್ ಕೆಟ್ಟು ಅಲ್ಲೇ ಉಳಿದಿದ್ದೆ). ಮೂರನೇ ದಿನ ತಾನೇ ಬಂದು ಮುಟ್ಟಬಹುದಾ ಅಂತ ಕೇಳಿದಳು. ಬೆಳ್ಳಿಯ ಮುಖವನ್ನು ನನ್ನ ಕಡೆ ತಿರುಗಿಸಿ ಕೂರಿಸಿ, ಬೆನ್ನು ಮುಟ್ಟು ಅಂದೆ. ತಲೆ ಮೇಲೆ ಕೈ ತರುವುದು ತುಂಬಾ ನಾಯಿಗಳಿಗೆ ಇಷ್ಟ ಆಗುವುದಿಲ್ಲ. ಹೆದರಿದ ಮಗುವಿಗಂತೂ ಹಲ್ಲಿರುವ ಕಡೆ ನೋಡದಿದ್ದರೆ ಅರ್ಧ ಧೈರ್ಯ ಬರುತ್ತದೆ. ಒಂದೇ ಬೆರಳಲ್ಲಿ ಮುಟ್ಟಿ ಓಡಿಹೋದಳು. ನಾವು ಹೊರಡುವ ದಿನ ದಡದ ಮೇಲೆ ನಮ್ಮ ಜೊತೆ ತುಂಬಾ ದೂರ ಓಡಿಕೊಂಡು ಬಂದಳು.

ಬೇಡ ಅಂದವರೂ ಇದ್ದಾರೆ. ಒಬ್ಬ ಹೆಂಗಸು ದೋಣಿ ಕಟ್ಟುವ ಮೊದಲೇ ಕೈ ಎತ್ತಿ, ಇಲ್ಲಿ ಬೇಡ ಅಂತ ಸನ್ನೆ ಮಾಡಿದರು. ನಾನು ಏನೂ ಕೇಳದೆ ಮುಂದೆ ಹೋಗಿ ಕಟ್ಟಿದೆ. ಸಂಜೆ ಅವರೇ ನಡೆದುಕೊಂಡು ಬಂದರು. ಹಿಂದಿನ ವಾರ ಯಾವುದೋ ದೋಣಿಯಿಂದ ಇಳಿದ ನಾಯಿ ಅವರ ನಾಲ್ಕು ಕೋಳಿ ಕೊಂದಿತ್ತಂತೆ. ದೋಣಿಯವರು ನೋಡಿಯೂ ನೋಡದ ಹಾಗೆ ಹೋಗಿಬಿಟ್ಟರಂತೆ. ಅವರು ಬಂದದ್ದು ಕ್ಷಮೆ ಕೇಳಲು ಅಲ್ಲ, ಕಾರಣ ಹೇಳಲು. ಅದು ನನಗೆ ತುಂಬಾ ದೊಡ್ಡದು ಅನಿಸಿತು. ಅವತ್ತಿನಿಂದ ದಡದಲ್ಲಿ ಬೆಳ್ಳಿಯ ಬೆಲ್ಟ್ ಬಿಚ್ಚಿಲ್ಲ, ಖಾಲಿ ಬಯಲಿದ್ದರೂ ಸರಿ. ನಾವು ಕಟ್ಟಿದ ಜಾಗಕ್ಕೆ ನಾಳೆ ಇನ್ನೊಬ್ಬರು ನಾಯಿ ಜೊತೆ ಬರುತ್ತಾರೆ. ಅವರಿಗೆ ಸಿಗುವ ಮುಖ ನಾವು ಬಿಟ್ಟುಹೋದ ಮುಖವೇ.

ಇಳಿಯುವ ಕ್ರಮ ಗಟ್ಟಿ ಮಾಡಿಕೊಳ್ಳಿ: ಮೊದಲು ನೀವು, ಆಮೇಲೆ ಹಗ್ಗ ಕಟ್ಟುವುದು, ಕೊನೆಗೆ ಅವನು, ಅದೂ ನೀವು ಕರೆದ ಮೇಲೆ. ಇದನ್ನು ನಾನು ಕಲಿತದ್ದು ಒಂದು ಕಾಲುವೆಯಲ್ಲಿ. ಬೆಳಗಿನ ಜಾವ ನೀರಿನ ಮೇಲೆಲ್ಲ ಪುಟ್ಟ ಪುಟ್ಟ ಹಸಿರು ಎಲೆ ತೇಲಿ ಒತ್ತಾಗಿ ಕೂತಿತ್ತು. ದಡ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ನಾನು ಹಗ್ಗ ಬಿಚ್ಚುತ್ತಿದ್ದೆ. ಬೆಳ್ಳಿ ಹುಲ್ಲು ಅಂದುಕೊಂಡು ಸರಾಗವಾಗಿ ಅದರ ಮೇಲೆ ಕಾಲಿಟ್ಟಳು. ಸದ್ದೇ ಇಲ್ಲದೆ ಮುಳುಗಿದಳು. ಹಸಿರು ಮತ್ತೆ ಮುಚ್ಚಿಕೊಂಡಿತು. ಎರಡು ಸೆಕೆಂಡ್ ಇರಬಹುದು. ಆಮೇಲೆ ಮೂಗು ಮೇಲೆ ಬಂತು, ಮೂಗಿನ ಮೇಲೂ ಎಲೆ. ಅಷ್ಟು ಬೆಳಗ್ಗೆ ಯಾಕೆ ಅಂತ ನಾನು ಜಾಕೆಟ್ ಹಾಕಿರಲಿಲ್ಲ. ಕೊರಳಪಟ್ಟಿ ಹಿಡಿದು ಎಳೆದರೆ ಕುತ್ತಿಗೆ ಬಿಗಿಯುತ್ತದೆ, ಬಿಟ್ಟರೆ ಮುಳುಗುತ್ತಾಳೆ. ಪಕ್ಕದ ದೋಣಿಯಲ್ಲಿದ್ದ ಗಂಡ ಹೆಂಡತಿ ಮಲಗಿದ ಬಟ್ಟೆಯಲ್ಲೇ ಓಡಿ ಬಂದರು. ಆಕೆ ಬೋರಲು ಮಲಗಿ ಮುಂಗಾಲಿನ ಕೆಳಗೆ ಎರಡೂ ಕೈ ಹಾಕಿದರು, ನಾನು ಹಿಂಭಾಗ ಹಿಡಿದೆ, ಮೂರು ಜನ ಸೇರಿ ಎತ್ತಿದೆವು. ಬೆಳ್ಳಿ ಮೈ ಕೊಡವಿದಳು, ಮೂವರ ಮೇಲೂ ಹಸಿರು. ಅವರಿಬ್ಬರೂ ಇವತ್ತಿಗೂ ಫೋನ್ ಮಾಡುತ್ತಾರೆ. ಜಾಕೆಟ್ ಹಾಕಿಸಿದ್ದೀಯಾ ಅಂತಲೇ ಮೊದಲು ಕೇಳುತ್ತಾರೆ.

ಹೊರಡುವ ಮೊದಲು ಡಾಕ್ಟರ್ ಹತ್ತಿರ ಇಲಿ ಜ್ವರದ ಲಸಿಕೆ ಸರಿಯಾಗಿದೆಯಾ ಕೇಳಿ. ಇಲಿಗಳ ಮೂತ್ರ ಸೇರಿದ ನೀರಿನಿಂದ ಅದು ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಇನ್ನೊಂದು, ನಿಂತ ನೀರಿನ ಮೇಲೆ ಬಣ್ಣ ಚೆಲ್ಲಿದ ಹಾಗೆ ನೀಲಿ-ಹಸಿರು ಕೆನೆ ಕಟ್ಟಿದ್ದರೆ ನಾಯಿಯನ್ನು ಹತ್ತಿರಕ್ಕೂ ಬಿಡಬೇಡಿ. ನಾನು ಹೇಳಿದ ತೇಲುವ ಎಲೆ ಬೇರೆ, ಇದು ಬೇರೆ. ಈ ಪಾಚಿಯ ವಿಷ ಕೆಲವೇ ಗಂಟೆಯಲ್ಲಿ ನಾಯಿಯನ್ನು ಕೊಲ್ಲಬಹುದು, ಅದಕ್ಕೆ ಪ್ರತಿಮದ್ದಿಲ್ಲ. ಕುಡಿಯದಿದ್ದರೂ ಆಮೇಲೆ ಮೈ ನೆಕ್ಕಿಕೊಂಡರೆ ಸಾಕು. ಮೈಗೆ ತಾಗಿದ್ದರೆ ತಕ್ಷಣ ಒಳ್ಳೆಯ ನೀರಲ್ಲಿ ತೊಳೆದು ಡಾಕ್ಟರ್ ಹತ್ತಿರ ಓಡಿ.

ಗುಂಡನನ್ನು ಕರೆದುಕೊಂಡು ಹೋಗಿ. ದೂರ ಕಡಿಮೆ ಮಾಡಿಕೊಳ್ಳಿ, ದಿನಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ಓಡಿಸಬೇಡಿ.

---

ಗುಂಡನ ಜೊತೆಗಾರ್ತಿ

ಆ ಮೀನುಗಾರರ ಭಾಗ ಎರಡು ಸಲ ಓದಿದೆ. ತುಂಬಾ ಥ್ಯಾಂಕ್ಸ್. ಎರಡು ಚಿಕ್ಕ ಪ್ರಶ್ನೆ. ಗುಂಡ ಹುಲ್ಲಿಲ್ಲದೆ ಮೂತ್ರ ಮಾಡುವುದೇ ಇಲ್ಲ. ದಡ ಸಿಗದ ಕಡೆ ಏನು ಮಾಡುವುದು? ಲಾಕ್ ಗೇಟ್ ಒಳಗೆ ಒಬ್ಬಳೇ ಹಗ್ಗ ಹಿಡಿದಾಗ ಅವನು ಎಲ್ಲಿರಬೇಕು?

---

ಬೆಳ್ಳಿ ಜೊತೆ ಹುಟ್ಟು ಹಾಕುವವ

ಒಂದು ತುಂಡು ಪ್ಲಾಸ್ಟಿಕ್ ಹುಲ್ಲುಹಾಸು ತನ್ನಿ. ಹೊರಡುವ ಮೊದಲೇ ಅದನ್ನು ಅವನು ದಿನಾ ಹೋಗುವ ಜಾಗದಲ್ಲಿ ಹಾಸಿ, ಅದರ ಮೇಲೆ ಅವನ ವಾಸನೆ ಕೂರಲಿ. ಪೂರ್ತಿ ತೊಳೆಯಬೇಡಿ. ಆಮೇಲೆ ದೋಣಿಯ ಮುಂದಿನ ತುದಿಯಲ್ಲಿ ಹಾಸಿ, ದಿನಾ ಹೇಳುವ ಅದೇ ಮಾತು ಹೇಳಿ. ಬೆಳ್ಳಿ ಮೊದಲ ಸಲ ಹನ್ನೊಂದು ಗಂಟೆ ತಡೆದುಕೊಂಡಳು. ಆಗ ನನಗೆ ಅಳು ಬರುವ ಹಾಗಾಗಿತ್ತು. ಮಾಡಿದ ಕೂಡಲೇ ಮುದ್ದು ಮಾಡಿ, ಅವನಿಗೆ ಇಷ್ಟವಾದದ್ದು ತಿನ್ನಲು ಕೊಡಿ. ಎರಡನೇ ಸಲದಿಂದ ಸುಲಭ.

ಜೊಲ್ಲು, ಪದೇ ಪದೇ ಆಕಳಿಕೆ, ತುಟಿ ನೆಕ್ಕುವುದು, ಇವು ಹೊಟ್ಟೆ ತೊಳಸುವ ಗುರುತು. ಡಾಕ್ಟರ್ ವಾಂತಿ ತಡೆಯುವ ಮರೋಪಿಟಂಟ್ ಮಾತ್ರೆ ಬರೆದುಕೊಡಬಹುದು, ಹೊರಡುವ ಎರಡು ಗಂಟೆ ಮೊದಲೇ ಕೊಡಬೇಕು. ನಿಮ್ಮ ಮಾತ್ರೆ ಮಾತ್ರ ಯಾವುದನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷ.

ಲಾಕ್ ಒಳಗೆ ಕ್ಯಾಬಿನ್‌ನಲ್ಲಿ ಇರಲಿ, ಬಾಗಿಲು ಹಾಕಿ.

---

ಗೇಟ್ ಕಾಯುವವನು

ನಾನು ದೋಣಿಯವನಲ್ಲ, ಲಾಕ್ ಗೇಟ್‌ನವನು. ಹನ್ನೊಂದು ವರ್ಷದಿಂದ ಇದೇ ಕೆಲಸ. ಮೇಲಿನವರ ಮಾತಿಗೆ ಒಂದಿಷ್ಟು ಸೇರಿಸುತ್ತೇನೆ.

ಗೇಟ್ ಒಳಗೆ ದೋಣಿ ನಿಂತ ಮೇಲೆ ನೀರು ಇಳಿಯುತ್ತದೆ ಅಥವಾ ಏರುತ್ತದೆ. ಗೋಡೆಯೆಲ್ಲ ಲೋಳೆ. ಇಳಿಯುವಾಗ ನಾಯಿ ಗೋಡೆ ಮೇಲಿದ್ದು ನೀವು ಕೆಳಗಿದ್ದರೆ, ಅದು ನಿಮ್ಮ ಹತ್ತಿರ ಬರಲು ಹಾರುತ್ತದೆ. ಒಂದು ಸಲ ಹಾಗೆ ಹಾರಿದ ನಾಯಿಯನ್ನು ನೋಡಿದ್ದೇನೆ. ಗೋಡೆಗೂ ದೋಣಿಗೂ ನಡುವೆ ಬಿದ್ದಿತು. ದೋಣಿಯನ್ನು ಬೆನ್ನಿನಿಂದ ಒತ್ತಿ ಹಿಡಿದ ಒಬ್ಬ ಹುಡುಗನಿಂದ ಅದು ಬದುಕಿತು. ಹಾಗಾಗಿ ಕ್ಯಾಬಿನ್‌ನಲ್ಲೇ ಇರಲಿ. ಹಗ್ಗವನ್ನು ಗೂಟಕ್ಕೆ ಗಂಟು ಹಾಕಬೇಡಿ, ಒಂದು ಸುತ್ತು ಹಾಕಿ ತುದಿ ಕೈಯಲ್ಲಿ ಹಿಡಿದುಕೊಳ್ಳಿ. ನೀರು ಇಳಿದಂತೆ ಸಡಿಲ ಬಿಡುತ್ತಾ ಹೋಗಿ. ಗಂಟು ಹಾಕಿದರೆ ದೋಣಿ ನೇತಾಡುತ್ತದೆ.

ಒಬ್ಬಳೇ ಇದ್ದೇನೆ, ನಾಯಿ ಇದೆ ಅಂತ ಗೇಟ್‌ನವರಿಗೆ ಮೊದಲೇ ಹೇಳಿಬಿಡಿ, ಸಂಕೋಚ ಬೇಡ. ನೀರು ನಿಧಾನಕ್ಕೆ ಬಿಡುತ್ತೇವೆ. ದಿನಾ ಎಷ್ಟೋ ದೋಣಿ ಬಂದು ಹೋಗುತ್ತವೆ, ಮುಖ ನೆನಪಿರುವುದಿಲ್ಲ. ಆದರೆ ವಾಪಸ್ ಬರುವ ನಾಯಿಗಳ ಹೆಸರೆಲ್ಲ ನನಗೆ ಗೊತ್ತು. ಒಂದು ಮುದಿ ನಾಯಿ ಪ್ರತಿ ವರ್ಷ ಇಲ್ಲಿ ಇಳಿದ ಕೂಡಲೇ ನೇರ ನನ್ನ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಹೋದ ವರ್ಷ ಆ ದೋಣಿ ನಾಯಿ ಇಲ್ಲದೆ ಬಂತು. ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೇಟ್ ತೆರೆಯುವ ತನಕ ಜೊತೆಯಲ್ಲಿ ನಿಂತಿದ್ದೆ.

---

ಗಡಿ ದಾಟಿದವಳು

ನಿಮ್ಮದು ಒಂದೇ ದೇಶದೊಳಗಿನ ಪ್ರಯಾಣ ಅನಿಸುತ್ತದೆ. ಮುಂದೆ ಗಡಿ ದಾಟುವ ಆಸೆ ಇದ್ದರೆ ಈಗಲೇ ತಯಾರಿ ಶುರು ಮಾಡಿ. ಮೊದಲು 15 ಅಂಕಿಯ ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ. ಈ ಕ್ರಮ ತಪ್ಪಿದರೆ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಯುರೋಪಿಯನ್ ಒಕ್ಕೂಟಕ್ಕೆ ಹೋಗಲು ಮೊದಲ ಲಸಿಕೆ ಆಗಿ 21 ದಿನ ಕಾಯಬೇಕು. ಕೆಲವು ದೇಶಗಳಿಂದ ಹೋಗುವವರಿಗೆ ರಕ್ತ ಪರೀಕ್ಷೆಯೂ ಬೇಕು. ಫಿನ್‌ಲೆಂಡ್, ಐರ್ಲೆಂಡ್, ಮಾಲ್ಟಾ, ನಾರ್ವೆಗೆ ಹೋಗುವ ನಾಯಿಗೆ ತಲುಪುವ 24ರಿಂದ 120 ಗಂಟೆ ಮೊದಲು ಲಾಡಿಹುಳುವಿನ ಔಷಧಿ ಕೊಡಿಸಿ ಡಾಕ್ಟರ್ ಸಹಿ ಹಾಕಿಸಬೇಕು. ದೋಣಿಯಲ್ಲಿ ಹೋಗುವವರಿಗೆ ಇದು ಕಷ್ಟ, ಗಾಳಿ ಕೈಕೊಟ್ಟರೆ ಗಂಟೆ ಮೀರುತ್ತದೆ.

ಕಾಗದದ ಫೈಲ್ ನೀರು ಹೋಗದ ಚೀಲದಲ್ಲಿ ಇರಲಿ. ನನ್ನದು ಒಂದು ಸಲ ನೆನೆದು ಮುದ್ರೆ ಅಳಿಸಿಹೋಗಿ, ಇಡೀ ದಿನ ನಾಯಿ ಜೊತೆ ದೋಣಿಯಲ್ಲೇ ಕೂತಿದ್ದೆ.

---

ಗುಂಡನ ಜೊತೆಗಾರ್ತಿ

ಎಲ್ಲರಿಗೂ ಮನಸಾರೆ ಧನ್ಯವಾದ. ಗುಂಡ ಬರುತ್ತಿದ್ದಾನೆ.

ಮೂರು ದಿನದಿಂದ ಅಭ್ಯಾಸ ನಡೆದಿದೆ. ಜಾಕೆಟ್ ತಂದ ದಿನವೇ ಲಂಗರು ಅವರು ಹೇಳಿದ ಹಿಡಿ ಗಟ್ಟಿಯಿದೆಯಾ ಅಂತ ಪರೀಕ್ಷೆ ಮಾಡಿದೆ. 15 ಲೀಟರ್ ನೀರು ತುಂಬಿದ ಕ್ಯಾನ್‌ಗೆ ಜಾಕೆಟ್ ತೊಡಿಸಿ ಹಿಡಿ ಹಿಡಿದು ಎತ್ತಿದೆ. ಎರಡನೇ ಸಲ ಎತ್ತುವಾಗ ಒಂದು ಕಡೆಯ ಹೊಲಿಗೆ ಚರ್ ಅಂತ ಬಿಟ್ಟುಕೊಂಡಿತು. ಅದನ್ನು ವಾಪಸ್ ಕೊಟ್ಟು ಬೇರೆ ತಂದಿದ್ದೇನೆ. ಇದರ ಹಿಡಿಯ ಪಟ್ಟಿ ಹೊಟ್ಟೆ ಸುತ್ತಿ ಬಂದಿದೆ, ಬರೀ ಬೆನ್ನ ಬಟ್ಟೆಗೆ ಹೊಲಿದದ್ದಲ್ಲ. ಗುಂಡನನ್ನೇ ಎತ್ತಿ ನೋಡಿದೆ. ನಾಲ್ಕೂ ಕಾಲು ಜೋಲು ಬಿಟ್ಟು ಸುಮ್ನೆ ಇದ್ದ.

ಹುಲ್ಲುಹಾಸಿನ ಮೇಲೆ ಇನ್ನೂ ಮಾಡಿಲ್ಲ, ಮೂಸುತ್ತಾನೆ ಅಷ್ಟೇ. ನಿನ್ನೆ ದೋಣಿ ಕಟ್ಟುವ ಜಾಗದಲ್ಲಿ ಅದನ್ನು ಹಾಸಿಕೊಂಡು ಕಾಯುತ್ತಾ ಕೂತಿದ್ದೆ. ಎರಡು ವರ್ಷದಿಂದ ಪಕ್ಕದಲ್ಲೇ ದೋಣಿ ಇಟ್ಟುಕೊಂಡಿರುವ ಅಜ್ಜ, ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ, ಬಂದು ನಿಂತು ಇವನ ಹೆಸರೇನು ಅಂತ ಕೇಳಿದರು.